ಈ ಮಾಲ್‌ವೇರ್ ಯಾವ ದೇಶದ್ದು? ಕೋಡ್ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ

ಇಂಥ ದೇಶದ ಗೂಢಚಾರ ಸಂಸ್ಥೆ ಅಂಥ ದೇಶದ ವಿದ್ಯುತ್ ಜಾಲಕ್ಕೆ ಮಾಲ್‌ವೇರ್ (ಹಾನಿ ಮಾಡಲು ಅಥವಾ ಕದಿಯಲು ಬರೆದ ಸಾಫ್ಟ್‌ವೇರ್) ನುಗ್ಗಿಸಿದೆ ಅನ್ನುವ ಸುದ್ದಿ ಆಗಾಗ ಬರುತ್ತದೆ. ಓದಿದ ಕೂಡಲೇ ಒಂದು ಪ್ರಶ್ನೆ ಏಳಬೇಕು: ಅದು ಇವರಿಗೆ ಹೇಗೆ ಗೊತ್ತಾಯ್ತು? ಮಾಡಿದವರು ಹೆಸರು ಬರೆದು ಕಳಿಸಿರುವುದಿಲ್ಲ. ಆರೋಪ ಹೊತ್ತ ದೇಶ ‘ನಾವಲ್ಲ’ ಅನ್ನುತ್ತದೆ. ಪರೀಕ್ಷೆ ಮಾಡುವವರ ಕೈಯಲ್ಲಿ ಇರುವುದು ಒಂದು ಫೈಲ್, ಅಷ್ಟೇ. ಕೆಲವು ಸಲ ಅದು ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೋಗಿಂತ ಚಿಕ್ಕದು.

ಆ ಫೈಲ್‌ಗೆ ಮೂರು ಪ್ರಶ್ನೆ ಕೇಳಬಹುದು. ಇದು ಏನು ಮಾಡುತ್ತದೆ? ಯಾರ ಮೇಲೆ ಗುರಿ ಇಟ್ಟಿದೆ? ಬರೆದವರು ಯಾರು? ಮೊದಲನೆಯದಕ್ಕೆ ಸಾಮಾನ್ಯವಾಗಿ ಖಚಿತ ಉತ್ತರ ಸಿಗುತ್ತದೆ, ತಿಂಗಳುಗಟ್ಟಲೆ ಸಮಯ ಹಿಡಿಯಬಹುದು ಅಷ್ಟೇ. ಎರಡನೆಯದಕ್ಕೂ ಬಹಳ ಸಲ ಸಿಗುತ್ತದೆ. ಮೂರನೆಯದಕ್ಕೆ ಸಿಗುವುದು ಬರೀ ಸುಳಿವು. ಆ ಸುಳಿವುಗಳಲ್ಲೂ ಒಂದು ವಿಚಿತ್ರ ಇದೆ. ಯಾವುದು ಸುಲಭವಾಗಿ ಕಣ್ಣಿಗೆ ಬೀಳುತ್ತದೋ ಅದರ ಬೆಲೆ ಕಡಿಮೆ. ಬರೆದವರಿಗೇ ಗೊತ್ತಿಲ್ಲದೆ ಉಳಿದುಹೋದದ್ದಕ್ಕೆ ಬೆಲೆ ಜಾಸ್ತಿ.

ಫೈಲ್ ಓದುವುದು ಅಂದರೆ

ಪ್ರೋಗ್ರಾಮರ್ ಬರೆಯುವ ಕೋಡ್‌ನಲ್ಲಿ ಫಂಕ್ಷನ್‌ಗಳಿಗೆ ಹೆಸರಿರುತ್ತದೆ, ಪಕ್ಕದಲ್ಲಿ ಕಾಮೆಂಟ್ ಇರುತ್ತದೆ. ಕಂಪೈಲ್ ಮಾಡಿದ ಮೇಲೆ, ಅಂದರೆ ಕಂಪ್ಯೂಟರ್ ಓಡಿಸುವ ರೂಪಕ್ಕೆ ತಿರುಗಿಸಿದ ಮೇಲೆ, ಅವೆಲ್ಲ ಹೋಗಿ ಪ್ರೊಸೆಸರ್‌ಗೆ ಬೇಕಾದ ಸೂಚನೆಗಳಷ್ಟೇ ಉಳಿಯುತ್ತವೆ. ಅವನ್ನು ಮನುಷ್ಯರು ಓದುವ ರೂಪಕ್ಕೆ ತರುವ ಸಾಧನಕ್ಕೆ ಡಿಸ್‌ಅಸೆಂಬ್ಲರ್ ಅನ್ನುತ್ತಾರೆ. ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ, ಸುಮಾರಾಗಿ ಸಿ ಭಾಷೆಯಂತೆ ಕಾಣುವ ಕೋಡ್ ಬರೆದುಕೊಡುವುದು ಡಿಕಂಪೈಲರ್. ಐಡಿಎ ಪ್ರೊ ಈ ಕೆಲಸದ ಹಳೆಯ ಸಾಧನ. 2019ರ ಮಾರ್ಚ್‌ನಲ್ಲಿ ಗೀಡ್ರಾ ಅನ್ನುವ ಇನ್ನೊಂದು ಉಚಿತವಾಗಿ ಸಿಕ್ಕಿತು. ಬಿಡುಗಡೆ ಮಾಡಿದ್ದು ಅಮೆರಿಕದ ಎನ್‌ಎಸ್‌ಎ. ಗೂಢಚಾರ ಸಂಸ್ಥೆಗಳ ಕೋಡ್ ಬಿಚ್ಚಲು ಎಷ್ಟೋ ಜನ ಈಗ ಒಂದು ಗೂಢಚಾರ ಸಂಸ್ಥೆಯೇ ಬರೆದ ಸಾಧನ ಬಳಸುತ್ತಿದ್ದಾರೆ!

ಓದುವುದರ ಜೊತೆಗೆ ಫೈಲನ್ನು ಓಡಿಸಿಯೂ ನೋಡುತ್ತಾರೆ. ಹೊರಗಿನ ಜಾಲಕ್ಕೆ ಸಂಪರ್ಕ ಇಲ್ಲದ ವರ್ಚುವಲ್ ಮೆಷೀನ್‌ನಲ್ಲಿ (ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ಬಿಟ್ಟು, ಯಾವ ಫೈಲ್ ತೆರೆಯಿತು, ಯಾವ ಸರ್ವರ್ ಹುಡುಕಿತು ಅಂತ ಗಮನಿಸುತ್ತಾರೆ. ಒಳ್ಳೆಯ ಮಾಲ್‌ವೇರ್ ಬರೆಯುವವರಿಗೆ ಇದೆಲ್ಲ ಗೊತ್ತು. ಹಾಗಾಗಿ ಅದು ಮೊದಲು ತಾನು ಎಲ್ಲಿದ್ದೇನೆ ಅಂತ ನೋಡಿಕೊಳ್ಳುತ್ತದೆ.

2020ರ ಡಿಸೆಂಬರ್‌ನಲ್ಲಿ ಬಯಲಾದ ಸನ್‌ಬರ್ಸ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ಸೋಲಾರ್‌ವಿಂಡ್ಸ್ ಕಂಪನಿಯ ಒರಾಯನ್ ಸಾಫ್ಟ್‌ವೇರ್‌ನ ಅಪ್‌ಡೇಟ್ ಒಳಗೇ ಅದನ್ನು ಸೇರಿಸಿದ್ದರು. ಸುಮಾರು 18,000 ಗ್ರಾಹಕರಿಗೆ ಆ ಅಪ್‌ಡೇಟ್ ತಲುಪಿತ್ತು. ಒಳಗೆ ಬಂದ ಮೇಲೆ ಅದು ಎರಡು ವಾರದವರೆಗೂ ಸುಮ್ನೆ ಇರುತ್ತಿತ್ತು. ಎದ್ದ ಮೇಲೆ, ಯಾವುದಾದರೂ ವಿಶ್ಲೇಷಣಾ ಸಾಧನ ಓಡುತ್ತಿದೆಯೇ ಅಂತ ಪರೀಕ್ಷಿಸುತ್ತಿತ್ತು. ಆದರೆ ಆ ಸಾಧನಗಳ ಹೆಸರು ಕೋಡ್‌ನಲ್ಲಿ ಎಲ್ಲೂ ಕಾಣುವುದಿಲ್ಲ. ಪ್ರತಿ ಹೆಸರನ್ನೂ ಒಂದು ಹ್ಯಾಶ್ ಮಾಡಿ, ಅಂದರೆ ಒಂದು ಲೆಕ್ಕದಿಂದ ಸಂಖ್ಯೆಯಾಗಿ ಬದಲಿಸಿ, ಆ ಹ್ಯಾಶನ್ನು 6605813339339102567 ಅನ್ನುವ ಸಂಖ್ಯೆಯ ಜೊತೆ ಎಕ್ಸ್‌ಒಆರ್ ಅನ್ನುವ ಲೆಕ್ಕದಿಂದ ಬೆರೆಸಿ ಇಟ್ಟಿದ್ದರು. ಹ್ಯಾಶ್‌ನಿಂದ ಹೆಸರಿಗೆ ವಾಪಸ್ ಬರಲು ದಾರಿ ಇಲ್ಲ. ಸಂಶೋಧಕರು ತಮಗೆ ಗೊತ್ತಿರುವ ಸಾಧನಗಳ ಹೆಸರುಗಳನ್ನೆಲ್ಲ ಒಂದೊಂದಾಗಿ ಅದೇ ಲೆಕ್ಕಕ್ಕೆ ಹಾಕಿ, ಯಾವುದು ಹೊಂದುತ್ತದೆ ಅಂತ ನೋಡಬೇಕಾಯಿತು.

ಏನು ಮಾಡುತ್ತದೆ ಅನ್ನುವುದಕ್ಕೆ ಖಚಿತ ಉತ್ತರ ಸಿಗುತ್ತದೆ ಅಂದೆನಲ್ಲ, ಅದಕ್ಕೊಂದು ದೊಡ್ಡ ಅಪವಾದ ಇದೆ. 2012ರ ಆಗಸ್ಟ್‌ನಲ್ಲಿ ಕ್ಯಾಸ್ಪರ್‌ಸ್ಕಿ ಅನ್ನುವ ಆಂಟಿವೈರಸ್ ಕಂಪನಿ ಗಾಸ್ ಅನ್ನುವ ಮಾಲ್‌ವೇರ್ ಬಗ್ಗೆ ಬರೆಯಿತು. ಅದು ಹೆಚ್ಚಾಗಿ ಲೆಬನಾನಿನಲ್ಲಿ ಸಿಕ್ಕಿತ್ತು, ಅಲ್ಲಿನ ಬ್ಯಾಂಕ್‌ಗಳ ಲಾಗಿನ್ ಮಾಹಿತಿ ಕದಿಯುತ್ತಿತ್ತು. ಅದರೊಳಗೆ ಎನ್‌ಕ್ರಿಪ್ಟ್ ಆದ, ಅಂದರೆ ಓದಲಾಗದಂತೆ ಬೀಗ ಹಾಕಿದ, ಒಂದು ಭಾಗ ಇದೆ. ಅದನ್ನು ತೆರೆಯುವ ಕೀ ಫೈಲ್‌ನಲ್ಲಿಲ್ಲ. ಗುರಿ ಇಟ್ಟ ಕಂಪ್ಯೂಟರ್‌ನಲ್ಲಿ ಇರುವ ನಿರ್ದಿಷ್ಟ ಫೋಲ್ಡರ್‌ನ ಹೆಸರು ಮತ್ತು ಪಾತ್ ಸೇರಿಸಿ, 10,000 ಸಲ ಎಂಡಿ5 ಹ್ಯಾಶ್ ಮಾಡಿದರೆ ಕೀ ಹುಟ್ಟುತ್ತದೆ. ಬೇರೆ ಯಾವ ಕಂಪ್ಯೂಟರ್‌ನಲ್ಲೂ ಆ ಭಾಗ ತೆರೆಯುವುದೇ ಇಲ್ಲ. ಕ್ಯಾಸ್ಪರ್‌ಸ್ಕಿ ಆ ಎನ್‌ಕ್ರಿಪ್ಟ್ ಆದ ಡೇಟಾವನ್ನು ಪ್ರಕಟಿಸಿ ‘ಯಾರಾದರೂ ಬಿಡಿಸಿ ಕೊಡಿ’ ಅಂತ ಕೇಳಿಕೊಂಡಿತು. ಬಿಡಿಸಿದ್ದೇವೆ ಅಂತ ಬಹಿರಂಗವಾಗಿ ತೋರಿಸಿದವರು ಯಾರೂ ಇಲ್ಲ.

ಗುರಿಯನ್ನು ಕೋಡೇ ಹೇಳಿದ ಪ್ರಕರಣ

2010ರ ಜೂನ್‌ನಲ್ಲಿ ಬೆಲಾರಸ್‌ನ ಮಿನ್ಸ್ಕ್ ನಗರದ ವೈರಸ್‌ಬ್ಲಾಕ್‌ಅಡಾ ಅನ್ನುವ ಚಿಕ್ಕ ಆಂಟಿವೈರಸ್ ಕಂಪನಿಗೆ ಇರಾನಿನ ಗ್ರಾಹಕರಿಂದ ದೂರು ಬಂತು. ಕಂಪ್ಯೂಟರ್‌ಗಳು ಪದೇಪದೇ ತಾವಾಗಿಯೇ ರೀಸ್ಟಾರ್ಟ್ ಆಗುತ್ತಿದ್ದವು. ಹುಡುಕಿದಾಗ ಸಿಕ್ಕಿದ್ದೇ ಮುಂದೆ ಸ್ಟಕ್ಸ್‌ನೆಟ್ ಅಂತ ಹೆಸರಾಯಿತು. ಪೆನ್‌ಡ್ರೈವ್ ಹಾಕಿ ಅದರೊಳಗಿನ ಐಕಾನ್‌ಗಳು ಪರದೆ ಮೇಲೆ ಕಂಡರೆ ಸಾಕು, ಕ್ಲಿಕ್ ಕೂಡ ಮಾಡಬೇಕಿಲ್ಲ, ಅದು ಒಳಗೆ ಬಂದುಬಿಡುತ್ತಿತ್ತು. ವಿಂಡೋಸ್‌ನ ಆ ದೋಷ ಆಗ ಮೈಕ್ರೋಸಾಫ್ಟ್‌ಗೂ ಗೊತ್ತಿರಲಿಲ್ಲ. ಇಂಥ ಯಾರಿಗೂ ಗೊತ್ತಿಲ್ಲದ ದೋಷಗಳಿಗೆ ಝೀರೋ ಡೇ ಅನ್ನುತ್ತಾರೆ. ಸ್ಟಕ್ಸ್‌ನೆಟ್‌ನಲ್ಲಿ ಅಂಥವು ನಾಲ್ಕು ಇದ್ದವು. ಅದರ ಡ್ರೈವರ್ ಫೈಲ್‌ಗಳ ಮೇಲೆ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳ ಅಸಲಿ ಡಿಜಿಟಲ್ ಸಹಿ ಇತ್ತು. ಕದ್ದ ಸಹಿ. ಎರಡೂ ಕಂಪನಿಗಳ ಕಚೇರಿ ಇದ್ದದ್ದು ತೈವಾನಿನ ಒಂದೇ ವಿಜ್ಞಾನ ಪಾರ್ಕಿನಲ್ಲಿ.

ಒಂದು ಝೀರೋ ಡೇ ಸಿಕ್ಕರೆ ಅದನ್ನು ದೊಡ್ಡ ಮೊತ್ತಕ್ಕೆ ಮಾರಬಹುದು. ಕಾಸಿಗಾಗಿ ಮಾಡುವ ಕಳ್ಳ ನಾಲ್ಕನ್ನು ಒಂದೇ ಕಡೆ ಸುರಿಯುವುದಿಲ್ಲ. ಇದು ಸರ್ಕಾರದ ಕೆಲಸ ಅನ್ನುವ ಅನುಮಾನ ಹುಟ್ಟಿದ್ದು ಹೀಗೆ. ಆದರೆ ‘ಯಾವುದೋ ಸರ್ಕಾರ’ ಅನ್ನುವುದರಿಂದ ಮುಂದಕ್ಕೆ ಹೋಗಲು ಅದು ಸಾಲದು.

ಸಿಮ್ಯಾಂಟೆಕ್ ಅನ್ನುವ ಆಂಟಿವೈರಸ್ ಕಂಪನಿಯವರು ಮತ್ತು ಜರ್ಮನಿಯ ನಿಯಂತ್ರಣ ವ್ಯವಸ್ಥೆಗಳ ತಜ್ಞ ರಾಲ್ಫ್ ಲ್ಯಾಂಗ್ನರ್ ಅದರ ಹೊಟ್ಟೆಯನ್ನು ಬಗೆದು ನೋಡಿದರು. ಲಕ್ಷ ಕಂಪ್ಯೂಟರ್‌ಗಳಿಗೆ ಹರಡಿದರೂ ಅದು ಬಹುಪಾಲು ಕಂಪ್ಯೂಟರ್‌ಗಳಿಗೆ ಏನೂ ಮಾಡುತ್ತಿರಲಿಲ್ಲ. ಅದು ಹುಡುಕುತ್ತಿದ್ದದ್ದು ಸೀಮೆನ್ಸ್ ಕಂಪನಿಯ ಸ್ಟೆಪ್ 7 ಸಾಫ್ಟ್‌ವೇರ್. ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಪಿಎಲ್‌ಸಿ ಅನ್ನುವ ಪೆಟ್ಟಿಗೆಗಳಿಗೆ ಪ್ರೋಗ್ರಾಮ್ ಹಾಕುವ ಸಾಫ್ಟ್‌ವೇರ್ ಅದು. ಅಂಥ ಪಿಎಲ್‌ಸಿ ಸಿಕ್ಕರೂ ಸಾಲದು. ಅದಕ್ಕೆ ಸೇರಿಸಿರುವ ಸಾಧನಗಳ ಗುರುತಿನ ಸಂಖ್ಯೆ ಎರಡರಲ್ಲಿ ಒಂದಾಗಿರಬೇಕು. ಆ ಎರಡು ಸಂಖ್ಯೆ ಯಾವುವು? ಸಿಮ್ಯಾಂಟೆಕ್‌ಗೆ ತಿಳಿಯಲಿಲ್ಲ. ಬಲ್ಲವರು ಹೇಳಿ ಅಂತ ಬಹಿರಂಗವಾಗಿ ಕೇಳಿದರು. ಪಿಎಲ್‌ಸಿ ಮತ್ತು ಸಾಧನಗಳನ್ನು ಜೋಡಿಸುವ ಪ್ರೊಫಿಬಸ್ ಜಾಲವನ್ನು ಬಲ್ಲ ಒಬ್ಬ ಡಚ್ ತಜ್ಞ ಸುಳಿವು ಕೊಟ್ಟರು. ಹುಡುಕಿದರೆ, ಒಂದು ಸಂಖ್ಯೆ ಫಿನ್ಲೆಂಡಿನ ವಾಕಾನ್ ಕಂಪನಿಯದು, ಇನ್ನೊಂದು ಟೆಹರಾನಿನ ಫರಾರೋ ಪಾಯಾ ಕಂಪನಿಯದು. ಎರಡೂ ಮೋಟರ್‌ನ ವೇಗ ನಿಯಂತ್ರಿಸುವ ಫ್ರೀಕ್ವೆನ್ಸಿ ಕನ್ವರ್ಟರ್‌ಗಳು.

ಅಲ್ಲಿಂದ ಮುಂದೆ ಕೋಡ್ ತಾನಾಗಿಯೇ ಮಾತಾಡಿತು. ಇಂಥ ಕನ್ವರ್ಟರ್ ಕನಿಷ್ಠ 33 ಇರಬೇಕು. ಅವು 807ರಿಂದ 1210 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಲ ಅನ್ನುವ ಅಳತೆ) ನಡುವೆ ಓಡುತ್ತಿರಬೇಕು. ಇಷ್ಟು ಇದ್ದರೆ ಮಾತ್ರ ಸ್ಟಕ್ಸ್‌ನೆಟ್ ಕೆಲಸ ಶುರು ಮಾಡುತ್ತದೆ, ಅದೂ ಹಲವು ದಿನ ಕಾದ ಮೇಲೆ. ಮೊದಲು ವೇಗವನ್ನು 1410 ಹರ್ಟ್ಸ್‌ಗೆ ಏರಿಸುತ್ತದೆ, 15 ನಿಮಿಷ. ಆಮೇಲೆ 1064ಕ್ಕೆ ತಂದು ಸುಮಾರು 27 ದಿನ ಏನೂ ಗೊತ್ತಿಲ್ಲದಂತೆ ಇರುತ್ತದೆ. ಮತ್ತೆ ಎದ್ದು ವೇಗವನ್ನು 2 ಹರ್ಟ್ಸ್‌ಗೆ ಇಳಿಸುತ್ತದೆ, 50 ನಿಮಿಷ. ಮತ್ತೆ 1064. ಇನ್ನೊಂದು ಮಾದರಿಯ ಪಿಎಲ್‌ಸಿಗೆ ಬರೆದ ಭಾಗದಲ್ಲಿ 164ರ ಗುಂಪುಗಳ ಲೆಕ್ಕ ಇತ್ತು. ಎಲ್ಲ ಸರಿಯಿದ್ದಾಗಿನ ಅಂಕಿಗಳನ್ನು ಮೊದಲೇ ದಾಖಲಿಸಿಕೊಂಡು, ದಾಳಿ ನಡೆಯುವಾಗ ಅದನ್ನೇ ಮತ್ತೆ ಮತ್ತೆ ತೋರಿಸುವ ವ್ಯವಸ್ಥೆಯೂ ಆ ಭಾಗದಲ್ಲಿತ್ತು.

ಇಷ್ಟು ವೇಗದಲ್ಲಿ ಮೋಟರ್ ಓಡಿಸುವ ಕೈಗಾರಿಕೆಗಳು ಬೆರಳೆಣಿಕೆಯಷ್ಟು. 600 ಹರ್ಟ್ಸ್‌ಗಿಂತ ಮೇಲಕ್ಕೆ ಹೋಗುವ ಕನ್ವರ್ಟರ್‌ಗಳ ರಫ್ತಿಗೆ ಅಮೆರಿಕದ ಅಣು ನಿಯಂತ್ರಣ ಆಯೋಗದ ಕಡಿವಾಣ ಇದೆ, ಯಾಕೆಂದರೆ ಯುರೇನಿಯಂ ಸಂಸ್ಕರಿಸುವ ಸೆಂಟ್ರಿಫ್ಯೂಜ್‌ಗೆ ಅವು ಬೇಕು. ಇರಾನಿನ ನತಾಂಜ್ ಘಟಕದಲ್ಲಿ ಸೆಂಟ್ರಿಫ್ಯೂಜ್‌ಗಳನ್ನು ಒಂದು ಸಾಲಿಗೆ 164ರಂತೆ ಜೋಡಿಸಿದ್ದರು. ಇದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗಳಿಂದ ಗೊತ್ತಿದ್ದ ವಿಷಯ. ಒಂದೊಂದು ಅಂಕಿಯನ್ನೂ ಬೇರೆಬೇರೆ ನೋಡಿದರೆ ಏನೂ ಇಲ್ಲ. ಎಲ್ಲ ಒಟ್ಟಿಗೆ ಇಟ್ಟರೆ ಜಗತ್ತಿನಲ್ಲಿ ಒಂದೇ ವಿಳಾಸಕ್ಕೆ ಹೊಂದುತ್ತವೆ. ಯಾರೂ ಇಂಥದ್ದನ್ನು ದಾರಿ ತಪ್ಪಿಸಲು ಬರೆಯುವುದಿಲ್ಲ. ಯಾಕೆ? ಅಂಕಿ ತಪ್ಪಾದರೆ ಆಯುಧವೇ ಕೆಲಸ ಮಾಡುವುದಿಲ್ಲ. ಅದಕ್ಕೇ ಗುರಿಯ ಬಗ್ಗೆ ಕೋಡ್ ಹೇಳುವುದನ್ನು ಧೈರ್ಯವಾಗಿ ನಂಬಬಹುದು.

2019ರಲ್ಲಿ ಭಾರತದ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ವಿಷಯದಲ್ಲೂ ಇದೇ ಆಯಿತು. ಡಿಟ್ರ್ಯಾಕ್ ಅನ್ನುವ ಮಾಲ್‌ವೇರ್‌ನ ಒಂದು ಸ್ಯಾಂಪಲ್ ಒಳಗೆ ಆ ಸ್ಥಾವರದ ಹೆಸರಿನ ಸಂಕ್ಷಿಪ್ತ ರೂಪ, ಆಂತರಿಕ ಜಾಲದ ವಿಳಾಸ, ಲಾಗಿನ್ ಎಲ್ಲ ಬರೆದಿತ್ತು. ಅಂದರೆ ಒಳಗಿನ ಮಾಹಿತಿ ಕೈಗೆ ಸಿಕ್ಕ ಮೇಲೆ ತಯಾರಿಸಿದ ಫೈಲ್ ಅದು. ಸ್ಥಾವರದವರು ಮೊದಲು ಅಲ್ಲಗಳೆದರು. ಮಾರನೆಯ ದಿನ, ಅಕ್ಟೋಬರ್ 30ರಂದು, ಆಡಳಿತ ವಿಭಾಗದ ಜಾಲದ ಒಂದು ಕಂಪ್ಯೂಟರ್‌ನಲ್ಲಿ ಮಾಲ್‌ವೇರ್ ಸಿಕ್ಕಿದ್ದು ನಿಜ ಅಂತ ಅಣುಶಕ್ತಿ ನಿಗಮ ಒಪ್ಪಿಕೊಂಡಿತು.

ಸೀಬೆ, ಮಿರ್ಟಲ್ ಮತ್ತು ಒಂದು ದಿನಾಂಕ

ಸ್ಟಕ್ಸ್‌ನೆಟ್‌ನಲ್ಲೇ ಇನ್ನೊಂದು ಬಗೆಯ ಸುಳಿವೂ ಸಿಕ್ಕಿತು. ಕಂಪೈಲ್ ಮಾಡುವಾಗ ಪ್ರೋಗ್ರಾಮರ್‌ನ ಕಂಪ್ಯೂಟರ್‌ನ ಫೋಲ್ಡರ್ ದಾರಿ ಫೈಲ್‌ನೊಳಗೆ ಉಳಿದುಹೋಗುವುದುಂಟು. ಇದರಲ್ಲಿ ಉಳಿದಿದ್ದ ದಾರಿಯಲ್ಲಿ ‘ಮಿರ್ಟಸ್’ ಅನ್ನುವ ಫೋಲ್ಡರ್, ಅದರೊಳಗೆ ‘ಗ್ವಾವಾ’, ಅಂದರೆ ಸೀಬೆ, ಅನ್ನುವ ಫೈಲ್. ಮಿರ್ಟಸ್ ಅಂದರೆ ಮಿರ್ಟಲ್ ಗಿಡ. ಬೈಬಲ್‌ನ ಎಸ್ತರ್ ರಾಣಿಯ ಹೀಬ್ರೂ ಹೆಸರು ಹದಸ್ಸಾ, ಅದಕ್ಕೂ ಮಿರ್ಟಲ್ ಅಂತಲೇ ಅರ್ಥ. ಪರ್ಷಿಯಾದಲ್ಲಿ ಯಹೂದಿಗಳನ್ನು ಉಳಿಸಿದ ರಾಣಿ ಅವಳು. ಅಲ್ಲಿಗೆ ಇಸ್ರೇಲ್ ಅಂತ ತೀರ್ಮಾನ ಮಾಡಿದವರಿದ್ದರು. ಇನ್ನು ಕೆಲವರು ‘ಮೈ ಆರ್‌ಟಿಯುಸ್’ ಅಂತ ಬಿಡಿಸಿ ಓದಿದರು. ಆರ್‌ಟಿಯು ಅಂದರೆ ಕಾರ್ಖಾನೆಗಳಲ್ಲಿ ದೂರದಿಂದ ನಿಯಂತ್ರಿಸುವ ಘಟಕ. ಸೀಬೆಯೂ ಮಿರ್ಟಲ್ ಕುಟುಂಬದ್ದೇ ಗಿಡ, ಆದ್ದರಿಂದ ಯಾರೋ ಸುಮ್ನೆ ಗಿಡಗಳ ಹೆಸರಿಟ್ಟಿರಬಹುದು ಅನ್ನುವುದು ಮೂರನೆಯ ವಾದ.

19790509 ಅನ್ನುವ ಸಂಖ್ಯೆಯೂ ಇತ್ತು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಈ ಸಂಖ್ಯೆ ಕಂಡರೆ ಸ್ಟಕ್ಸ್‌ನೆಟ್ ಆ ಕಂಪ್ಯೂಟರನ್ನು ಮುಟ್ಟುವುದಿಲ್ಲ. ದಿನಾಂಕವಾಗಿ ಓದಿದರೆ 1979ರ ಮೇ 9. ಅಂದು ಟೆಹರಾನಿನಲ್ಲಿ ಹಬೀಬ್ ಎಲ್ಘಾನಿಯನ್ ಅನ್ನುವ ಯಹೂದಿ ಉದ್ಯಮಿಯನ್ನು ಗುಂಡಿಟ್ಟು ಕೊಂದರು. ಸಿಮ್ಯಾಂಟೆಕ್ ತನ್ನ ವರದಿಯಲ್ಲಿ ಇದನ್ನು ಬರೆದು, ಬೇರೆಯವರ ಮೇಲೆ ಅನುಮಾನ ಬರಲಿ ಅಂತ ಬರೆದವರು ಹೀಗೆ ಮಾಡುವುದುಂಟು, ತೀರ್ಮಾನಕ್ಕೆ ಧಾವಿಸಬೇಡಿ ಅಂತಲೂ ಎಚ್ಚರಿಸಿತು. ನನಗೆ ಆ ಎಚ್ಚರಿಕೆ ಸರಿ ಅನಿಸುತ್ತದೆ. ಪತ್ರಿಕೆಗಳ ತಲೆಬರಹಕ್ಕೆ ಎಸ್ತರ್ ರಾಣಿ ಬೇಕು. ಸಾಕ್ಷಿ ಅಂತ ನಿಲ್ಲುವುದು 1410 ಹರ್ಟ್ಸ್.

ಸ್ಟಕ್ಸ್‌ನೆಟ್ ಹಿಂದೆ ಅಮೆರಿಕ ಮತ್ತು ಇಸ್ರೇಲ್ ಇವೆ ಅಂತ ಇವತ್ತು ಬಹುತೇಕ ಎಲ್ಲರೂ ಹೇಳುತ್ತಾರೆ. ಆದರೆ ಆ ಮಾತು ಗಟ್ಟಿಯಾಗಿದ್ದು ಕೋಡ್‌ನಿಂದ ಅಲ್ಲ. 2012ರ ಜೂನ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಡೇವಿಡ್ ಸ್ಯಾಂಗರ್ ಬರೆದ ವರದಿಯಿಂದ. ಅಧಿಕಾರಿಗಳ ಜೊತೆ ಮಾತಾಡಿ ಬರೆದದ್ದು ಅದು. ಎರಡೂ ಸರ್ಕಾರಗಳು ಅಧಿಕೃತವಾಗಿ ಇಂದಿಗೂ ಒಪ್ಪಿಲ್ಲ.

ಅಭ್ಯಾಸ ಬಿಡುವುದು ಕಷ್ಟ

ಹಾಗಾದರೆ ಬರೆದವರನ್ನು ಹುಡುಕಲು ಕೋಡ್‌ನಲ್ಲಿ ಏನು ನೋಡುತ್ತಾರೆ? ಕೋಡ್ ಬರೆಯುವವರು ಪ್ರತಿ ಸಲ ಎಲ್ಲವನ್ನೂ ಹೊಸದಾಗಿ ಬರೆಯುವುದಿಲ್ಲ. ಹಳೆಯ ಪ್ರಾಜೆಕ್ಟ್‌ನಿಂದ ಫಂಕ್ಷನ್‌ಗಳನ್ನು ಎತ್ತಿಕೊಂಡು ಬರುತ್ತಾರೆ. ಸರ್ಕಾರಿ ತಂಡಗಳೂ ಅಷ್ಟೇ. ಹೀಗೆ ಎರಡು ಮಾಲ್‌ವೇರ್ ಒಂದೇ ಮನೆಯವು ಅಂತ ತೋರಿಸುವುದು, ಅವು ಯಾವ ದೇಶದವು ಅಂತ ತೋರಿಸುವುದಕ್ಕಿಂತ ಎಷ್ಟೋ ಸುಲಭ.

2011ರಲ್ಲಿ ಬುಡಾಪೆಸ್ಟ್‌ನ ಕ್ರೈಸಿಸ್ ಲ್ಯಾಬ್ ಹುಡುಕಿದ ಡುಕು ಅನ್ನುವ ಮಾಲ್‌ವೇರ್, ಸ್ಟಕ್ಸ್‌ನೆಟ್ ಜೊತೆ ಕೋಡ್ ಹಂಚಿಕೊಂಡಿತ್ತು. 2012ರಲ್ಲಿ ಸಿಕ್ಕ ಫ್ಲೇಮ್ ಅನ್ನುವ ಮಾಲ್‌ವೇರ್‌ನ ಒಂದು ಭಾಗ 2009ರ ಸ್ಟಕ್ಸ್‌ನೆಟ್‌ನಲ್ಲಿ ಸಿಕ್ಕಿತು. ಡುಕು ವಿಷಯದಲ್ಲಿ ಒಂದು ಸ್ವಾರಸ್ಯ ನಡೆಯಿತು. ಅದರ ಒಂದು ಭಾಗ ಯಾವ ಭಾಷೆಯಲ್ಲಿ ಬರೆದದ್ದು ಅಂತಲೇ ಕ್ಯಾಸ್ಪರ್‌ಸ್ಕಿಯವರಿಗೆ ಗೊತ್ತಾಗಲಿಲ್ಲ. ಸಿ++ (ಸಿ ಭಾಷೆಯಿಂದ ಬೆಳೆದ ಭಾಷೆ) ತರಹ ಕಾಣುತ್ತದೆ, ಆದರೆ ಸಿ++ ಅಲ್ಲ. 2012ರ ಮಾರ್ಚ್‌ನಲ್ಲಿ ಪ್ರೋಗ್ರಾಮರ್‌ಗಳನ್ನೇ ಕೇಳಿದರು. ಸಲಹೆಗಳು ಬಂದು, ಪರೀಕ್ಷೆ ಮಾಡಿದ ಮೇಲೆ ತಿಳಿದದ್ದು: ಅದು ಸಾದಾ ಸಿ. ಅದರ ಮೇಲೆ ತಮ್ಮದೇ ಆಬ್ಜೆಕ್ಟ್ ವ್ಯವಸ್ಥೆ ಕಟ್ಟಿಕೊಂಡು, ಮೈಕ್ರೋಸಾಫ್ಟ್‌ನ 2008ರ ಕಂಪೈಲರ್‌ನಲ್ಲಿ ಕಂಪೈಲ್ ಮಾಡಿದ್ದರು. ಸಿ++ ಬಗ್ಗೆ ನಂಬಿಕೆ ಇಲ್ಲದ ಹಳೆಯ ತಲೆಮಾರಿನ ಪ್ರೋಗ್ರಾಮರ್‌ಗಳ ಅಭ್ಯಾಸ ಅದು. ಕೋಡ್ ಬರೆದವರ ವಯಸ್ಸಿನ ಬಗ್ಗೆಯೂ ಏನೋ ಹೇಳಿಬಿಡುತ್ತದೆ, ಅಲ್ವಾ?

ಅಭ್ಯಾಸ ಎಷ್ಟು ಸಣ್ಣದಿರಬಹುದು ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಈಕ್ವೇಶನ್ ಗ್ರೂಪ್ ಅನ್ನುವ ಹ್ಯಾಕರ್ ಗುಂಪಿನದು. 2015ರಲ್ಲಿ ಕ್ಯಾಸ್ಪರ್‌ಸ್ಕಿ ಈ ಗುಂಪಿನ ಬಗ್ಗೆ ಬರೆದಾಗ ಎನ್‌ಎಸ್‌ಎ ಹೆಸರು ಎತ್ತಲಿಲ್ಲ, ಓದಿದವರಿಗೆಲ್ಲ ಅದೇ ನೆನಪಾಯಿತು. ಈ ಗುಂಪು ಆರ್‌ಸಿ5, ಆರ್‌ಸಿ6 ಅನ್ನುವ ಎನ್‌ಕ್ರಿಪ್ಶನ್ ವಿಧಾನಗಳನ್ನು ಬಳಸುತ್ತಿತ್ತು. ಅವುಗಳಲ್ಲಿ ಕೀ ತಯಾರಿಸುವಾಗ 2654435769 ಅನ್ನುವ ಸಂಖ್ಯೆಯನ್ನು ಮತ್ತೆ ಮತ್ತೆ ಕೂಡಬೇಕು. ಪುಸ್ತಕದಲ್ಲಿ ಹಾಗೇ ಇದೆ, ಎಲ್ಲರೂ ಹಾಗೇ ಬರೆಯುತ್ತಾರೆ. ಈಕ್ವೇಶನ್ ಗ್ರೂಪ್‌ನ ಕೋಡ್ ಮಾತ್ರ ಕೂಡುವ ಬದಲು 1640531527 ಅನ್ನು ಕಳೆಯುತ್ತಿತ್ತು. ಎರಡನ್ನೂ ಕೂಡಿ ನೋಡಿ, 4294967296 ಬರುತ್ತದೆ. ಅಂದರೆ 2ರ 32ನೇ ಘಾತ. 32 ಬಿಟ್‌ನ ಲೆಕ್ಕದಲ್ಲಿ ಅದು ಸೊನ್ನೆಗೆ ಸಮ, ಹಾಗಾಗಿ ಒಂದನ್ನು ಕೂಡಿದರೂ ಇನ್ನೊಂದನ್ನು ಕಳೆದರೂ ಉತ್ತರ ಒಂದೇ. ಕೆಲಸದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಆದರೆ ಹೀಗೆ ಬರೆಯುವವರು ಬಹಳ ಅಪರೂಪ.

2016ರ ಆಗಸ್ಟ್‌ನಲ್ಲಿ ‘ಶ್ಯಾಡೋ ಬ್ರೋಕರ್ಸ್’ ಅಂತ ಹೆಸರಿಟ್ಟುಕೊಂಡವರು ಕದ್ದ ಸಾಧನಗಳ ಗಂಟನ್ನು ಇಂಟರ್‌ನೆಟ್‌ಗೆ ಹಾಕಿ, ಇವು ಈಕ್ವೇಶನ್ ಗ್ರೂಪ್‌ನವು ಅಂದರು. ನಿಜವೋ ಬೊಗಳೆಯೋ? ಕ್ಯಾಸ್ಪರ್‌ಸ್ಕಿ ಆ ಗಂಟಿನಲ್ಲಿ ಹುಡುಕಿದರೆ, 300ಕ್ಕೂ ಹೆಚ್ಚು ಫೈಲ್‌ಗಳಲ್ಲಿ ಅದೇ ಕಳೆಯುವ ಲೆಕ್ಕ ಇತ್ತು. ಸಂಬಂಧ ಗಟ್ಟಿಯಾಯಿತು.

2017ರ ಮೇ 12ರಂದು ಶುರುವಾದ ವಾನಾಕ್ರೈ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಮಾಲ್‌ವೇರ್) ಪ್ರಕರಣದಲ್ಲಿ ಮೇಲಿನ ಸುಳಿವು ಒಂದು ದಿಕ್ಕು ತೋರಿಸಿತು, ಒಳಗಿನದು ಇನ್ನೊಂದು. ಅದರ ಬೆದರಿಕೆ ಪತ್ರ 28 ಭಾಷೆಗಳಲ್ಲಿತ್ತು. ಫ್ಲ್ಯಾಶ್‌ಪಾಯಿಂಟ್ ಕಂಪನಿಯ ಭಾಷಾ ತಜ್ಞರು ನೋಡಿದಾಗ, ಚೀನೀ ಪತ್ರಗಳು ಮತ್ತು ಇಂಗ್ಲಿಷ್ ಪತ್ರ ಮಾತ್ರ ಮನುಷ್ಯರು ಬರೆದವು, ಉಳಿದವು ಯಂತ್ರದ ಅನುವಾದ ಅಂತ ಕಂಡಿತು. ಚೀನೀ ಪತ್ರ ಬರೆದವರಿಗೆ ಆ ಭಾಷೆ ಚೆನ್ನಾಗಿ ಬರುತ್ತಿತ್ತು. ಇತ್ತ ಗೂಗಲ್‌ನ ಸಂಶೋಧಕ ನೀಲ್ ಮೆಹ್ತಾ ಮೇ 15ರಂದು ಒಂದು ಟ್ವೀಟ್ ಹಾಕಿದರು. ಅದರಲ್ಲಿ ಇದ್ದದ್ದು ಎರಡು ಫೈಲ್‌ಗಳ ಗುರುತು ಮತ್ತು ಒಳಗಿನ ವಿಳಾಸಗಳು ಮಾತ್ರ. ಒಂದು ವಾನಾಕ್ರೈನ ಹಳೆಯ ಆವೃತ್ತಿ, ಇನ್ನೊಂದು ಉತ್ತರ ಕೊರಿಯಾ ಜೊತೆ ಹೆಸರು ಕೇಳಿಬರುವ ಲಜಾರಸ್ ಗುಂಪಿನ ಮಾಲ್‌ವೇರ್. ಎರಡರಲ್ಲೂ ಒಂದೇ ಫಂಕ್ಷನ್. ಅದರಲ್ಲಿ 75 ಸೈಫರ್‌ಗಳ (ಎನ್‌ಕ್ರಿಪ್ಶನ್ ವಿಧಾನಗಳ) ಒಂದು ಪಟ್ಟಿ ಇತ್ತು. ಅದೇ ಪಟ್ಟಿ, ಅದೇ ಕ್ರಮ, ಲಜಾರಸ್‌ನ ಸಾಧನಗಳನ್ನು ಬಿಟ್ಟರೆ ಬೇರೆಲ್ಲೂ ಕಂಡಿಲ್ಲ ಅಂತ ಸಿಮ್ಯಾಂಟೆಕ್ ಹೇಳಿತು. ಇನ್ನೊಂದು ವಿಷಯ: ವಾನಾಕ್ರೈನ ಮುಂದಿನ ಆವೃತ್ತಿಗಳಲ್ಲಿ ಆ ಕೋಡ್ ಇರಲಿಲ್ಲ. ದಾರಿ ತಪ್ಪಿಸಲು ಬೇಕೆಂದೇ ಹಾಕಿದ್ದರೆ ತೆಗೆಯುತ್ತಿದ್ದರೇ?

ಗಡಿಯಾರದ ಸುಳಿವು, ಅದರ ಆಯಸ್ಸು

ವಿಂಡೋಸ್ ಪ್ರೋಗ್ರಾಮ್‌ನಲ್ಲಿ ಸಾಮಾನ್ಯವಾಗಿ ಅದು ಕಂಪೈಲ್ ಆದ ಸಮಯ ದಾಖಲಾಗುತ್ತದೆ. ಒಂದು ಫೈಲ್‌ನಿಂದ ಏನೂ ತಿಳಿಯುವುದಿಲ್ಲ, ವರ್ಷಗಟ್ಟಲೆ ಸಂಗ್ರಹಿಸಿದರೆ ತಿಳಿಯುತ್ತದೆ. 2014ರಲ್ಲಿ ಫೈರ್‌ಐ ಕಂಪನಿ ಎಪಿಟಿ28 ಅನ್ನುವ ಹ್ಯಾಕರ್ ಗುಂಪಿನ ಫೈಲ್‌ಗಳನ್ನು ಹೀಗೆ ನೋಡಿತು. ಶೇ. 96ಕ್ಕೂ ಹೆಚ್ಚು ಫೈಲ್‌ಗಳು ಸೋಮವಾರದಿಂದ ಶುಕ್ರವಾರದೊಳಗೆ ತಯಾರಾಗಿದ್ದವು. ಶೇ. 89ಕ್ಕೂ ಹೆಚ್ಚು ಫೈಲ್‌ಗಳ ಸಮಯ, ಆಗ ಮಾಸ್ಕೋದಲ್ಲಿ ಬಳಕೆಯಲ್ಲಿದ್ದ ಗಡಿಯಾರದ ಪ್ರಕಾರ, ಬೆಳಗ್ಗೆ 8ರಿಂದ ಸಂಜೆ 6. ಗೂಢಚಾರಿಕೆಯೂ ಕೊನೆಗೆ ಒಂದು ಸರ್ಕಾರಿ ನೌಕರಿಯೇ.

ಆದರೆ ಈ ಸಮಯವನ್ನು ತಿದ್ದುವುದಕ್ಕೆ ಒಂದು ನಿಮಿಷವೂ ಬೇಡ. 2017ರ ಮಾರ್ಚ್‌ನಲ್ಲಿ ವಿಕಿಲೀಕ್ಸ್ ಹೊರಗೆಡವಿದ ಸಿಐಎ ದಾಖಲೆಗಳಲ್ಲಿ ತನ್ನ ಪ್ರೋಗ್ರಾಮರ್‌ಗಳಿಗೆ ಸಿಐಎ ಕೊಟ್ಟ ಸೂಚನೆಗಳಿದ್ದವು. ಅಮೆರಿಕದ ಕಚೇರಿ ವೇಳೆಗೆ ಹೊಂದುವ ಸಮಯ ಫೈಲ್‌ನಲ್ಲಿ ಉಳಿಯಬಾರದು ಅಂತ ಅದರಲ್ಲೇ ಬರೆದಿತ್ತು. ಅದೇ ಸಂಗ್ರಹದ ಮಾರ್ಬಲ್ ಅನ್ನುವ ಸಾಧನದ ಪರೀಕ್ಷಾ ಕೋಡ್‌ನಲ್ಲಿ ಚೀನೀ, ರಷ್ಯನ್, ಕೊರಿಯನ್, ಅರೇಬಿಕ್, ಫಾರ್ಸಿ ಭಾಷೆಯ ಪದಗಳಿದ್ದವು. ಮಾರ್ಬಲ್‌ನ ಮುಖ್ಯ ಕೆಲಸ ಪಠ್ಯವನ್ನು ಮರೆಮಾಡುವುದು. ಬೇರೆ ದೇಶದವರ ವೇಷ ಹಾಕಲು ಅದನ್ನು ನಿಜವಾಗಿ ಬಳಸಿದರು ಅನ್ನುವುದಕ್ಕೆ ಆ ದಾಖಲೆಗಳಲ್ಲಿ ಪುರಾವೆ ಇಲ್ಲ. ಹಾಗೆ ಮಾಡಬಹುದು ಅನ್ನುವುದು ಮಾತ್ರ ಸ್ಪಷ್ಟ.

ವೇಷ ಹಾಕಿ ಸಿಕ್ಕಿಬಿದ್ದವರು

ವೇಷ ಹಾಕಿದ ಪಕ್ಕಾ ಉದಾಹರಣೆ ಮರುವರ್ಷವೇ ಸಿಕ್ಕಿತು. 2018ರ ಫೆಬ್ರವರಿ 9, ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆ. ಅದೇ ಹೊತ್ತಿಗೆ ವೈಫೈ ನಿಂತಿತು, ಕ್ರೀಡಾಕೂಟದ ವೆಬ್‌ಸೈಟ್ ಬಿತ್ತು, ಟಿಕೆಟ್ ಪ್ರಿಂಟ್ ಆಗಲಿಲ್ಲ. ಡೇಟಾ ಅಳಿಸಿಹಾಕುವ ಆ ಮಾಲ್‌ವೇರ್‌ಗೆ ಒಲಿಂಪಿಕ್ ಡೆಸ್ಟ್ರಾಯರ್ ಅಂತ ಹೆಸರಾಯಿತು. ಕೆಲವೇ ದಿನಗಳಲ್ಲಿ ಒಬ್ಬರು ಉತ್ತರ ಕೊರಿಯಾ ಅಂದರು, ಇನ್ನೊಬ್ಬರು ಚೀನಾ ಅಂದರು, ಮತ್ತೊಬ್ಬರು ರಷ್ಯಾ ಅಂದರು. ಎಲ್ಲರ ಕೈಯಲ್ಲೂ ಕೋಡ್‌ನ ಹೋಲಿಕೆ ಇತ್ತು.

ಉತ್ತರ ಕೊರಿಯಾ ಕಡೆ ತೋರಿಸಿದ ಸುಳಿವು ಬಹಳ ಗಟ್ಟಿಯಾಗಿತ್ತು. ಮೈಕ್ರೋಸಾಫ್ಟ್‌ನ ಸಾಧನಗಳಿಂದ ತಯಾರಾದ ಫೈಲ್‌ನ ಶುರುವಿನಲ್ಲಿ ‘ರಿಚ್ ಹೆಡರ್’ ಅನ್ನುವ ಒಂದು ತುಣುಕು ಇರುತ್ತದೆ. ಯಾವ ಕಂಪೈಲರ್, ಯಾವ ಲಿಂಕರ್ (ಭಾಗಗಳನ್ನು ಜೋಡಿಸುವ ಸಾಧನ), ಎಷ್ಟು ಭಾಗಗಳು ಅಂತ ಅದರಲ್ಲಿ ದಾಖಲೆ ಇರುತ್ತದೆ. ಮೈಕ್ರೋಸಾಫ್ಟ್ ಅದರ ಬಗ್ಗೆ ಅಧಿಕೃತವಾಗಿ ಎಲ್ಲೂ ವಿವರಿಸಿರಲಿಲ್ಲ. ಎಷ್ಟೋ ಪ್ರೋಗ್ರಾಮರ್‌ಗಳಿಗೆ ಅದು ಇರುವುದೇ ಗೊತ್ತಿಲ್ಲ. ಅದಕ್ಕೇ ಅದು ಒಳ್ಳೆಯ ಸಾಕ್ಷಿ. ಒಲಿಂಪಿಕ್ ಡೆಸ್ಟ್ರಾಯರ್‌ನ ರಿಚ್ ಹೆಡರ್, ಲಜಾರಸ್ ಗುಂಪಿನ ಒಂದು ಹಳೆಯ ಫೈಲ್‌ನದಕ್ಕೆ ತಾಳೆಯಾಯಿತು, ಒಂದಕ್ಷರ ಬಿಡದಂತೆ.

ಕ್ಯಾಸ್ಪರ್‌ಸ್ಕಿಯವರಿಗೆ ಅಷ್ಟು ಅಚ್ಚುಕಟ್ಟಾಗಿ ತಾಳೆಯಾದದ್ದೇ ಸರಿಕಾಣಲಿಲ್ಲ. ಹೆಡರ್ ಹೇಳುವ ಕಥೆಯನ್ನು ಫೈಲ್‌ನ ಉಳಿದ ಭಾಗದ ಜೊತೆ ಹೋಲಿಸಿ ನೋಡಿದರು. ಹೆಡರ್ ಪ್ರಕಾರ ಇದು ವಿಷುವಲ್ ಸಿ++ 6ರಲ್ಲಿ ತಯಾರಾದದ್ದು. ಅದು 1998ರ ಕಂಪೈಲರ್. ಆದರೆ ಫೈಲ್‌ನೊಳಗಿನ ಲೈಬ್ರರಿ ಕೋಡ್ ಮೈಕ್ರೋಸಾಫ್ಟ್ ಆಮೇಲೆ ತಂದ ಡಾಟ್‌ನೆಟ್ ವ್ಯವಸ್ಥೆಯ ಒಂದು ಫೈಲ್‌ನ ಹೆಸರು ಹೇಳುತ್ತಿತ್ತು. ಆ ಕಂಪೈಲರ್ ಬಂದಾಗ ಡಾಟ್‌ನೆಟ್ ಹುಟ್ಟಿಯೇ ಇರಲಿಲ್ಲ. ಕೋಡ್ ನಿಜವಾಗಿ ತಯಾರಾದದ್ದು ವಿಷುವಲ್ ಸ್ಟುಡಿಯೋ 2010ರಲ್ಲಿ. ಅಂದರೆ ಯಾರೋ ಲಜಾರಸ್‌ನ ಹೆಡರನ್ನು ಹಾಗೇ ಎತ್ತಿ ಇಲ್ಲಿ ಅಂಟಿಸಿದ್ದರು. ಸಂಶೋಧಕರು ನಂಬುವ ಸಾಕ್ಷಿ ಯಾವುದು ಅಂತ ತಿಳಿದುಕೊಂಡು, ಅದನ್ನೇ ಖೋಟಾ ಮಾಡಿದ್ದರು.

2020ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ರಷ್ಯಾದ ಸೇನಾ ಗುಪ್ತಚರ ಸಂಸ್ಥೆ ಜಿಆರ್‌ಯುನ 74455 ಅನ್ನುವ ಘಟಕದ ಆರು ಅಧಿಕಾರಿಗಳ ಮೇಲೆ ಈ ದಾಳಿಯ ಆರೋಪ ಹೊರಿಸಿತು. ಆರೋಪಪಟ್ಟಿಯಲ್ಲಿ ವ್ಯಕ್ತಿಗಳ ಹೆಸರಿದೆ, ಫೋಟೋ ಕೂಡ ಇದೆ. ಡಿಸ್‌ಅಸೆಂಬ್ಲರ್‌ನಲ್ಲಿ ಯಾರ ಫೋಟೋವೂ ಸಿಗುವುದಿಲ್ಲ. ಸರ್ವರ್ ಬಾಡಿಗೆಗೆ ಕೊಟ್ಟ ದಾಖಲೆ, ಇಮೇಲ್ ಖಾತೆ, ಹಣ ಹೋದ ದಾರಿ, ಗುಪ್ತಚರರು ಕದ್ದು ಕೇಳಿದ ಮಾತು, ಇಂಥವೆಲ್ಲ ಸೇರಿದರೆ ಮಾತ್ರ ಒಂದು ಸರ್ಕಾರ ಅಷ್ಟು ದೂರ ಹೋಗುತ್ತದೆ. ಅದರಲ್ಲಿ ಬಹುಪಾಲು ಹೊರಗಿನವರಿಗೆ ಯಾವತ್ತೂ ತೋರಿಸುವುದಿಲ್ಲ. ಇದು ನನಗೆ ಕಿರಿಕಿರಿ ಅನಿಸುವ ವಿಷಯ. ಆರೋಪ ಸರಿಯೇ ಇರಬಹುದು, ಆದರೆ ಪರೀಕ್ಷಿಸಿ ನೋಡುವ ದಾರಿ ನಮಗಿಲ್ಲ.

ಬರೆದವರು ಬೇರೆ, ಬಳಸಿದವರು ಬೇರೆ

ಬರೆದವರು ಪಕ್ಕಾ ಗೊತ್ತಾದರೂ ಇನ್ನೊಂದು ತೊಡಕು ಉಳಿಯುತ್ತದೆ. 2019ರ ಅಕ್ಟೋಬರ್‌ನಲ್ಲಿ ಬ್ರಿಟನ್ ಮತ್ತು ಅಮೆರಿಕದ ಸಂಸ್ಥೆಗಳು ಒಂದು ವರದಿ ಕೊಟ್ಟವು. ರಷ್ಯಾದ್ದು ಅಂತ ಹೇಳಲಾಗುವ ಟರ್ಲಾ ಗುಂಪು, ಇರಾನಿನ ಗುಂಪೊಂದರ ಸಾಧನಗಳನ್ನೂ ಸರ್ವರ್‌ಗಳನ್ನೂ ವಶಕ್ಕೆ ತೆಗೆದುಕೊಂಡು ತನ್ನ ಬೇಹುಗಾರಿಕೆಗೆ ಬಳಸಿತ್ತು. ದಾಳಿಗೆ ಒಳಗಾದವರ ಕಂಪ್ಯೂಟರ್‌ನಲ್ಲಿ ಸಿಕ್ಕ ಕೋಡ್ ಅಸಲಿ ಇರಾನಿದೇ. ಕೋಡ್ ನೋಡಿ ಇರಾನ್ ಅಂದವರು ತಪ್ಪು ಓದಲಿಲ್ಲ. ಆದರೂ ಉತ್ತರ ತಪ್ಪು.

ಇದರ ದೊಡ್ಡ ರೂಪ ನಾಟ್‌ಪೆಟ್ಯಾ. 2017ರ ಜೂನ್ 27ರಂದು ಉಕ್ರೇನ್‌ನಲ್ಲಿ ಶುರುವಾಗಿ ಜಗತ್ತಿನ ಎಷ್ಟೋ ಕಂಪನಿಗಳನ್ನು ಕೆಡವಿದ ಮಾಲ್‌ವೇರ್ ಅದು. ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಹಾರಲು ಅದು ಬಳಸಿದ್ದು ಎಟರ್ನಲ್‌ಬ್ಲೂ. ಅದು ಶ್ಯಾಡೋ ಬ್ರೋಕರ್ಸ್ ಆ ವರ್ಷದ ಏಪ್ರಿಲ್‌ನಲ್ಲಿ ಬಯಲಿಗೆ ಹಾಕಿದ, ಎನ್‌ಎಸ್‌ಎ ತಯಾರಿಸಿದ್ದು ಅಂತ ಹೇಳಲಾಗುವ ಸಾಧನ. ವಾನಾಕ್ರೈ ಕೂಡ ಅದನ್ನೇ ಬಳಸಿತ್ತು. ಮೆಮೊರಿಯಿಂದ ಪಾಸ್‌ವರ್ಡ್ ಎತ್ತಲು ನಾಟ್‌ಪೆಟ್ಯಾದಲ್ಲಿ ಇದ್ದದ್ದು ಮಿಮಿಕ್ಯಾಟ್ಜ್‌ನಿಂದ ಬಂದ ಕೋಡ್. ಅದು ಫ್ರಾನ್ಸಿನ ಪ್ರೋಗ್ರಾಮರ್ ಒಬ್ಬರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಸಾಧನ. ಅದು ಒಳಗೆ ಬಂದದ್ದು ಉಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುವ ಎಂಇಡಾಕ್ ಸಾಫ್ಟ್‌ವೇರ್‌ನ ಅಪ್‌ಡೇಟ್ ಮೂಲಕ. ಮೇಲ್ನೋಟಕ್ಕೆ ಅದು, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಹಳೆಯ ಪೆಟ್ಯಾ ರ್‍ಯಾನ್ಸಮ್‌ವೇರ್‌ನಂತೆ ಕಾಣುತ್ತಿತ್ತು, ಹಣವನ್ನೂ ಕೇಳುತ್ತಿತ್ತು. ಆದರೆ ಪರದೆ ಮೇಲೆ ತೋರಿಸುತ್ತಿದ್ದ ಗುರುತಿನ ಸಂಖ್ಯೆ ಸುಮ್ನೆ ಹುಟ್ಟಿಸಿದ್ದು, ಅದರಿಂದ ಬೀಗ ತೆಗೆಯುವ ಕೀ ಸಿಗುವುದಿಲ್ಲ ಅಂತ ಕೋಡ್ ಓದಿದವರಿಗೆ ಗೊತ್ತಾಯಿತು. ದುಡ್ಡು ಕೊಟ್ಟರೂ ಫೈಲ್ ವಾಪಸ್ ಬರುವ ದಾರಿಯೇ ಇರಲಿಲ್ಲ. ಇದರ ಉದ್ದೇಶ ವಸೂಲಿ ಅಲ್ಲ, ನಾಶ ಅಂತ ತೋರಿಸಿಕೊಟ್ಟದ್ದು ಆ ಒಂದು ಸಂಖ್ಯೆ. ರಷ್ಯಾದ ಹೆಸರನ್ನು ಬ್ರಿಟನ್ ಮತ್ತು ಅಮೆರಿಕ ಅಧಿಕೃತವಾಗಿ ಹೇಳಿದ್ದು ಎಂಟು ತಿಂಗಳಾದ ಮೇಲೆ, 2018ರ ಫೆಬ್ರವರಿಯಲ್ಲಿ. ಒಲಿಂಪಿಕ್ಸ್ ದಾಳಿಯ ಆರೋಪಪಟ್ಟಿಯಲ್ಲಿರುವ ಆ ಆರು ಜನರ ಮೇಲೇ ನಾಟ್‌ಪೆಟ್ಯಾದ ಆರೋಪವೂ ಇದೆ.